ಮೈಕ್, ಸ್ಯಾಮ್, ವಿಲ್ ಮತ್ತು ನಮ್ಮ ಹುಡುಗ

ಮೈಕ್, ಸ್ಯಾಮ್, ವಿಲ್... ಇವರು ಅಮೆರಿಕದಲ್ಲಿರುವ ಯಾರದೋ ಪಕ್ಕದ ಮನೆಯವರು ಅಂದ್ಕೊಂಡ್ರಾ? ಅಲ್ಲ ಸ್ವಾಮಿ. ಅಲ್ಲಿನ ಫುಟ್ಬಾಲಿನಲ್ಲಿ ರಕ್ಷಣೆಗೆ ನಿಲ್ಲುವ ಮೂವರು ಲೈನ್‌ಬ್ಯಾಕರ್‌ಗಳನ್ನು ಕರೆಯುವ ಹೆಸರುಗಳಿವು. ನಡುವೆ ನಿಲ್ಲುವವನು ಮೈಕ್. ಎದುರಾಳಿಗಳ ಬಲ ಜಾಸ್ತಿ ಇರುವ ಕಡೆಯವನು ಸ್ಯಾಮ್, ಕಡಿಮೆ ಇರುವ ಕಡೆಯವನು ವಿಲ್. ಮಿಡ್ಲ್, ಸ್ಟ್ರಾಂಗ್, ವೀಕ್ ಎಂಬ ಪದಗಳ ಮೊದಲಕ್ಷರ ಹಿಡಿದು ಇಟ್ಟ ಹೆಸರು, ಅಷ್ಟೇ.

ಉಡುಪಿ ಕಡೆಯಿಂದ ಬಂದು, ಮುಂಬಯಿಯಲ್ಲಿ ಮೂವತ್ತು ವರ್ಷ ಲೆಡ್ಜರು, ಲೋನು, ಆಡಿಟ್ಟು ಅಂತ ಕಳೆದ ಬಿ.ಕಾಂ. ಪದವೀಧರನಿಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ನನ್ನ ತಂಗಿಯ ಮಗ. ಅಮೆರಿಕದಲ್ಲಿ ಟೆಕ್ಸಾಸಿನ ಡಲ್ಲಾಸ್ ಹತ್ತಿರ ಇದ್ದಾನೆ. ಹದಿನಾರು ವರ್ಷ. ಶಾಲೆಯ ತಂಡದಲ್ಲಿ ಅವನೇ ಮೈಕ್! ಮುಂದೆ ಕಾಲೇಜು ತಂಡದಲ್ಲಿ ಆಡಬೇಕೆಂಬ ಹುಚ್ಚು. ಆ ಊರಲ್ಲಿ ಶುಕ್ರವಾರ ರಾತ್ರಿ ಶಾಲೆಗಳ ಆಟ, ಶನಿವಾರ ಕಾಲೇಜುಗಳದ್ದು, ಭಾನುವಾರ ವೃತ್ತಿಪರರದ್ದು. ವಾರಕ್ಕೆ ಮೂರು ಹಬ್ಬ ಇದ್ದ ಹಾಗೆ.

ಅವನ ಜತೆ ಮಾತಾಡಬೇಕಾದರೆ ಅವನ ಆಟ ತಿಳಿದಿರಬೇಕಲ್ಲ? ಅದಕ್ಕೇ ಎರಡು ವರ್ಷದಿಂದ ಭಾನುವಾರ ಬೆಳಗ್ಗೆ ಅವನ ವೀಡಿಯೋ ಪಾಠ ಕೇಳ್ತಾ ಇದ್ದೇನೆ. ಕಲಿತದ್ದನ್ನು ನಿಮಗೂ ಸ್ವಲ್ಪ ಹೇಳ್ತೇನೆ.

ಒಂದೊಂದು ಕಡೆ 11 ಜನ. ಚೆಂಡು ಇರುವವರಿಗೆ 10 ಗಜ ಮುಂದೆ ಹೋಗಲು 4 ಅವಕಾಶ. ತಡೆಯುವವರು ಮೂರು ಸಾಲಾಗಿ ನಿಲ್ಲುತ್ತಾರೆ. ಮುಂದಿನ ಸಾಲಿನಲ್ಲಿ ದಢೂತಿ ಪೈಲ್ವಾನರು, ಹಿಂದೆ ಎಸೆದ ಚೆಂಡನ್ನು ತಡೆಯುವ ಓಟಗಾರರು. ಇವರಿಬ್ಬರ ನಡುವೆ ಲೈನ್‌ಬ್ಯಾಕರ್‌ಗಳು. ಪೈಲ್ವಾನರ ಜತೆ ಗುದ್ದಾಡಲೂಬೇಕು, ಓಟಗಾರರ ಹಿಂದೆ ಓಡಲೂಬೇಕು. ಕಬಡ್ಡಿಯಲ್ಲಿ ಕವರ್‌ನಲ್ಲಿ ನಿಂತವನ ಅವಸ್ಥೆ ನೆನಪಿಸಿಕೊಳ್ಳಿ. ಮೂಲೆಯವನು ಕಾಲು ಹಿಡಿದರೆ ಇವನು ಮುನ್ನುಗ್ಗಬೇಕು, ಆದರೆ ಆತುರಪಟ್ಟರೆ ರೈಡರ್ ಮುಟ್ಟಿ ಹೋಗಿಯೇ ಬಿಡ್ತಾನೆ.

ಹಾಗಾದರೆ ಮೈಕ್ ಏನನ್ನು ನೋಡ್ತಾನೆ? ಚೆಂಡನ್ನು ಅಂತ ನಾವು ಹೇಳ್ತೇವೆ. ಇಲ್ಲವಂತೆ! ಎದುರಿಗಿರುವ ಗಾರ್ಡ್ ಎಂಬ ಆಟಗಾರನ ಮೊದಲ ಹೆಜ್ಜೆ ನೋಡಬೇಕು. ಅವನು ಮುಂದೆ ನುಗ್ಗಿದರೆ ಚೆಂಡು ಹಿಡಿದು ಓಡುವ ಆಟ. ತಲೆ ಎತ್ತಿ ಹಿಂದೆ ಸರಿದರೆ ಚೆಂಡು ಎಸೆಯುವ ಆಟ. ಪಕ್ಕಕ್ಕೆ ಓಡಿದರೆ ಚೆಂಡೂ ಹೆಚ್ಚಾಗಿ ಆ ಕಡೆಗೇ. ಇಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಓದಿ, ಗಟ್ಟಿಯಾಗಿ ಕೂಗಿ ಉಳಿದವರಿಗೆ ಹೇಳಬೇಕು. ಕೂಗದ ಮೈಕ್ ಎಷ್ಟು ಬಲಶಾಲಿಯಾದರೂ ಪ್ರಯೋಜನ ಇಲ್ಲ.

ಇನ್ನು ಎದುರಿನ ಸಾಲಿನವರ ನಡುವಿನ ಸಂದುಗಳು. ಅವಕ್ಕೆ ಎ, ಬಿ, ಸಿ ಎಂದು ಹೆಸರು. ಒಬ್ಬೊಬ್ಬನಿಗೆ ಒಂದೊಂದು ಸಂದು. ಪಕ್ಕದವನ ಸಂದಿನಲ್ಲಿ ಚೆಂಡು ಹೋಗುವಂತೆ ಕಂಡಿತು ಅಂತ ತನ್ನದನ್ನು ಬಿಟ್ಟು ಓಡಿದರೆ, ಚೆಂಡು ಇವನು ಬಿಟ್ಟ ಜಾಗದಲ್ಲೇ ನುಸುಳುತ್ತದೆ. ಇದು ಮಾತ್ರ ನನಗೆ ತಕ್ಷಣ ಅರ್ಥವಾಯ್ತು. ಬ್ಯಾಂಕಿನಲ್ಲಿ ಒಬ್ಬ ಎಂಟ್ರಿ ಹಾಕಿದರೆ ಇನ್ನೊಬ್ಬ ಪಾಸ್ ಮಾಡಬೇಕು, ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈ ಇಬ್ಬರ ಹತ್ತಿರ ಇರಬೇಕು. ನಾನೇ ಎಲ್ಲ ನೋಡ್ಕೊಳ್ತೇನೆ ಅನ್ನುವ ಉತ್ಸಾಹಿಯಿಂದಲೇ ಹೆಚ್ಚು ಅಪಾಯ!

ಮೊದಲೆಲ್ಲ ಮುಂದೆ 4, ನಡುವೆ 3, ಹಿಂದೆ 4 ಎಂಬ ವ್ಯೂಹ ಸಾಮಾನ್ಯವಾಗಿತ್ತು. ಕೆಲವರು 3-4 ಇಟ್ಟುಕೊಂಡರು. ಆಮೇಲೆ ಕಾಲೇಜು ತಂಡಗಳು ಮೈದಾನದ ಅಗಲಕ್ಕೂ ಆಟಗಾರರನ್ನು ಹರಡಿ ಆಡತೊಡಗಿದವು. ಅದಕ್ಕೆ ಸ್ಪ್ರೆಡ್ ಅಂತಾರೆ. ಅದರಲ್ಲೇ ಇನ್ನೊಂದು ಕಿತಾಪತಿ ಇದೆ. ಕ್ವಾರ್ಟರ್‌ಬ್ಯಾಕ್ ಬೇಕೆಂದೇ ಒಬ್ಬ ಲೈನ್‌ಬ್ಯಾಕರನ್ನು ನೋಡ್ತಾ ಇರ್ತಾನೆ. ಇವನು ಮುಂದೆ ಬಂದರೆ ಇವನ ತಲೆ ಮೇಲಿಂದ ಚೆಂಡು ಎಸೆಯುತ್ತಾನೆ, ಹಿಂದೆ ನಿಂತರೆ ಓಡುವವನ ಕೈಗೆ ಕೊಡ್ತಾನೆ. ಪಾಪ, ಇವನು ಯಾವ ಕಡೆ ಹೋದರೂ ಸೋಲು!

ಇದಕ್ಕೆ ಮದ್ದು ಅರೆದವರಲ್ಲಿ ಗ್ಯಾರಿ ಪ್ಯಾಟರ್ಸನ್ ಒಬ್ಬರು. ಟೆಕ್ಸಾಸಿನ ಫೋರ್ಟ್ ವರ್ತ್ ಊರಿನ ಟಿಸಿಯು ಎಂಬ ವಿಶ್ವವಿದ್ಯಾಲಯದ ತಂಡಕ್ಕೆ 2021ರ ತನಕ ಎರಡು ದಶಕ ಮುಖ್ಯ ಕೋಚ್ ಆಗಿದ್ದವರು. ಅವರದ್ದು 4-2-5. ಒಬ್ಬ ಲೈನ್‌ಬ್ಯಾಕರನ್ನು ಕಡಿಮೆ ಮಾಡಿ, ಹಗುರವಾಗಿ ಓಡಬಲ್ಲ ಒಬ್ಬನನ್ನು ಹಿಂದೆ ಸೇರಿಸಿದರು. ಉಳಿದ ಇಬ್ಬರ ಹೆಗಲ ಮೇಲೆ ಮೂವರ ಭಾರ.

ನಮ್ಮ ಹುಡುಗ ನನಗೆ ಮೊದಲು ತೋರಿಸಿದ್ದು ಇದೇ ತಂಡದ ಒಂದು ಹಳೇ ಆಟ, 2011ರ ಜನವರಿ 1ರ ರೋಸ್ ಬೌಲ್. ಎದುರಿಗೆ ವಿಸ್ಕಾನ್ಸಿನ್. ದೈತ್ಯರಂಥ ಮುಂದಿನ ಸಾಲು, ಓಡಿ ಓಡಿಯೇ ಎದುರಾಳಿಯನ್ನು ಅರೆಯುವ ತಂಡ. ಟಿಸಿಯು 21-13ರಲ್ಲಿ ಮುಂದಿತ್ತು. ಎರಡು ನಿಮಿಷ ಉಳಿದಿರುವಾಗ ವಿಸ್ಕಾನ್ಸಿನ್ ಟಚ್‌ಡೌನ್ ಮಾಡಿ 21-19ಕ್ಕೆ ತಂದಿತು. ಸಮ ಮಾಡಲು 3 ಗಜದ ಗೆರೆಯಿಂದ ಇನ್ನೊಂದೇ ಪ್ರಯತ್ನ, ಎರಡು ಅಂಕಕ್ಕೆ. ಟಿಸಿಯುವಿನ ಲೈನ್‌ಬ್ಯಾಕರ್ ಟ್ಯಾಂಕ್ ಕಾರ್ಡರ್ ಮುನ್ನುಗ್ಗಿದ. ಎದುರಿನವರು ತಡೆದರು. ಅವನು ಅಲ್ಲೇ ಗುದ್ದಾಡುತ್ತಾ ನಿಲ್ಲಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಎಸೆಯುವವನ ಕೈ ನೋಡಿ, ನೆಗೆದು ಚೆಂಡನ್ನು ಬಡಿದು ಕೆಡವಿದ. ಆಟ ಗೆದ್ದಾಯ್ತು. ಆ ವರ್ಷ ಟಿಸಿಯು ಒಂದೂ ಸೋಲಿಲ್ಲದೆ 13 ಪಂದ್ಯ ಗೆದ್ದಿತು.

"ನೋಡಿದ್ರಾ ಮಾವ, ಅವನು ಹಿಂದೆ ಬಂದದ್ದು!" ಅಂತ ಹುಡುಗ ಆ ತುಣುಕನ್ನು ಹತ್ತು ಸಲ ತೋರಿಸಿದ್ದ.

ಇಷ್ಟರವರೆಗೆ ಖುಷಿಯ ವಿಷಯ. ಕಳೆದ ಅಕ್ಟೋಬರಿನಲ್ಲಿ ತಂಗಿಯ ಫೋನ್ ಬಂತು. ಅಭ್ಯಾಸದಲ್ಲಿ ಇವನ ತಲೆಗೆ ಪೆಟ್ಟು ಬಿದ್ದಿದೆ. ಎರಡು ದಿನ ತಲೆನೋವಿದ್ದರೂ ಯಾರಿಗೂ ಹೇಳಿಲ್ಲ. ಹೇಳಿದರೆ ಕೂರಿಸ್ತಾರೆ, ಜಾಗ ಬೇರೆಯವನ ಪಾಲಾಗ್ತದೆ ಅಂತ. ಮೂರನೇ ದಿನ ಊಟ ಸೇರದೆ, ಬೆಳಕು ನೋಡಲಾರದೆ ಮಲಗಿದಾಗ ಅವಳಿಗೆ ಗೊತ್ತಾಯ್ತು. ಡಾಕ್ಟರು ಮಿದುಳಿಗೆ ಪೆಟ್ಟು ಅಂದರು, ವಿಶ್ರಾಂತಿ ಹೇಳಿದರು. "ಅಣ್ಣಾ, ಈ ಆಟ ಬಿಡು ಅಂತ ನೀನೇ ಹೇಳು ಮಾರಾಯ. ನಿನ್ನ ಮಾತಾದರೆ ಕೇಳ್ತಾನೆ" ಅಂತ ಅತ್ತಳು.

ಅವಳ ಹೆದರಿಕೆ ಸುಳ್ಳಲ್ಲ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ತೀರಿಕೊಂಡ ಮೇಲೆ ದಾನವಾಗಿ ಬಂದ ಆಟಗಾರರ ಮಿದುಳುಗಳ ಅಧ್ಯಯನ ಪ್ರಕಟಿಸಿದರು. ಕಾಲೇಜು ಮಟ್ಟದ ತನಕ ಆಡಿದ್ದ 53 ಜನರಲ್ಲಿ 48 ಮಂದಿಗೆ ಸಿಟಿಇ ಎಂಬ ಮಿದುಳಿನ ರೋಗ ಇತ್ತು. ಶಾಲೆಯ ಮಟ್ಟದ 14ರಲ್ಲಿ 3. ತೊಂದರೆ ಕಂಡವರ ಮನೆಯವರೇ ಹೆಚ್ಚಾಗಿ ದಾನ ಕೊಟ್ಟಿರುತ್ತಾರಾದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕ ಹಾಕಬಾರದು. ಆದರೂ ತಾಯಿಗೆ ನಿದ್ದೆ ಬರುತ್ತದೆಯೇ? ಬಾಸ್ಟನ್ ಕಾಲೇಜಿನಿಂದ ಬಂದ ಲ್ಯೂಕ್ ಕೀಕ್ಲಿ ಎಂಬ ಮಹಾನ್ ಲೈನ್‌ಬ್ಯಾಕರ್, ತಲೆಗೆ ಮತ್ತೆ ಮತ್ತೆ ಪೆಟ್ಟು ತಿಂದು, 2020ರಲ್ಲಿ 28ನೇ ವಯಸ್ಸಿಗೇ ಆಟ ಬಿಟ್ಟ. ಎದುರಾಳಿಯ ತಲೆಗೆ ಗುರಿಯಿಟ್ಟು ಗುದ್ದಿದವನನ್ನು ಹೊರಗೆ ಕಳಿಸುವ ನಿಯಮವನ್ನು ಕಾಲೇಜು ಆಟದಲ್ಲಿ 2013ರಲ್ಲಿ ತಂದರು. ಆದರೆ ತಲೆನೋವನ್ನು ಮುಚ್ಚಿಟ್ಟವನನ್ನು ಯಾವ ನಿಯಮ ಹಿಡಿಯುತ್ತದೆ?

ಫೋನ್ ಮಾಡಿದೆ. ಬಿಡು ಅನ್ನಲಿಲ್ಲ. "ಮೈಕ್‌ನ ಮೊದಲ ಕೆಲಸ ಏನೋ?" ಅಂತ ಕೇಳಿದೆ.

"ನೋಡೋದು, ಕೂಗಿ ಹೇಳೋದು."

"ಮತ್ತೆ ಎರಡು ದಿನ ನೀನು ಯಾಕೆ ಕೂಗಲಿಲ್ಲ? ಸಂದು ತೆರೆದಿದೆ ಅಂತ ನಿನಗೊಬ್ಬನಿಗೇ ಗೊತ್ತಿತ್ತು."

ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ ಹೇಳಿದೆ, "ಕಾರ್ಡರ್ ಹಿಂದೆ ಸರಿದದ್ದಕ್ಕೇ ಗೆದ್ದದ್ದಲ್ವಾ? ನೀನೂ ಈಗ ಸರಿ. ಮುಂದಿನ ವರ್ಷ ಆಡಬೇಕೋ ಬೇಡವೋ ಅಂತ ಡಾಕ್ಟರು, ನಿನ್ನ ಅಮ್ಮ, ನೀನು ಮೂವರೂ ಕೂತು ತೀರ್ಮಾನ ಮಾಡಿ. ಮೂರು ಸಹಿ ಇಲ್ಲದೆ ಈ ಲೋನ್ ಪಾಸಾಗುವುದಿಲ್ಲ!"

ಸಣ್ಣಗೆ ನಕ್ಕ. ಆ ವರ್ಷದ ಉಳಿದ ಪಂದ್ಯಗಳಿಗೆ ಅವನು ಹೊರಗೇ ನಿಂತು, ಕೋಚ್ ಪಕ್ಕದಲ್ಲಿ ಎದುರಾಳಿಗಳ ಆಟ ಓದಿ ಬರೆದುಕೊಳ್ಳುತ್ತಿದ್ದ. ಮೂರು ಸಹಿಗಳಲ್ಲಿ ಈಗ ಎರಡು ಬಿದ್ದಿವೆ. ನನ್ನ ತಂಗಿಯದ್ದು ಇನ್ನೂ ಬಾಕಿ. ಅವಳನ್ನು ಒತ್ತಾಯಿಸಲು ನನಗೆ ಮನಸ್ಸಿಲ್ಲ. ನೀವಾಗಿದ್ದರೆ ಸಹಿ ಹಾಕ್ತಿದ್ದಿರಾ?