ಡ್ಯೂಟಿ ಮುಗಿದ ಮೇಲೆ ಬರೆಯುವವರು

ಮಳೆಗೆ ಬರವಿರುವ ಸೀಮೆಯಲ್ಲಿ ಬರೆಯುವವರಿಗೆ ಬರವಿಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬ್ಲಾಗು ತೆರೆದವರನ್ನೂ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚುವವರನ್ನೂ ಹುಡುಕಿಕೊಂಡು ಹೋದರೆ ಸಿಗುವವರು ಹೈಸ್ಕೂಲು ಮೇಷ್ಟ್ರು, ಆರೋಗ್ಯ ಕೇಂದ್ರದ ಸಿಸ್ಟರು, ಪಂಚಾಯಿತಿಯ ಪಿಡಿಒ, ಬಸ್ಸಿನ ಕಂಡಕ್ಟರು. ಬರವಣಿಗೆ ಇವರಿಗೆ ಅನ್ನವಲ್ಲ. ಸಂಬಳದ ಕೆಲಸ ಮುಗಿದು, ಮನೆಯವರ ಊಟವಾಗಿ, ಟಿವಿ ಧಾರಾವಾಹಿ ಮುಗಿದ ಮೇಲೆ ಕೈಗೆ ಸಿಗುವ ಅರ್ಧ ಗಂಟೆಯ ಬಾಬತ್ತು. ಹೀಗಾಗಿ ಬರಹದ ಸರಕೂ ಎರಡೇ ಕಡೆಯಿಂದ ಬರುತ್ತದೆ: ಮನೆ ಮತ್ತು ನೌಕರಿ.

ಇದು ಇಂಟರ್‌ನೆಟ್ಟು ತಂದ ಹೊಸ ಪದ್ಧತಿಯೇನಲ್ಲ. ಹರಪನಹಳ್ಳಿ ಭೀಮವ್ವ (1823–1903) ಸಂಸಾರದ ನಡುವೆಯೇ ಹಾಡು ಕಟ್ಟಿದವರು. ‘ಭೀಮೇಶಕೃಷ್ಣ’ ಅಂಕಿತದ ಆ ಹಾಡುಗಳು ಪೂಜೆ, ಹಬ್ಬ, ಮದುವೆಗಳಲ್ಲಿ ಹೆಂಗಸರ ಬಾಯಿಂದ ಬಾಯಿಗೆ ದಾಟಿ ಉಳಿದವು. ಅದೇ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi, ಕನ್ನಡದಲ್ಲಿ ಬೀಚಿ ಎಂದೇ ಮನೆಮಾತಾದವರು, ಸರ್ಕಾರಿ ನೌಕರಿ ಮಾಡುತ್ತಲೇ ತಿಮ್ಮನೆಂಬ ಹಾಸ್ಯ ಪಾತ್ರವನ್ನು ಸೃಷ್ಟಿಸಿದರು. ಗಂಡ ಹೆಂಡಿರ ಜಗಳ, ಕಚೇರಿಯ ಠೀವಿ, ಸಾಲಗಾರನ ಕಾಟ ಇವೇ ಅವರ ಬಂಡವಾಳ. ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಗಳಲ್ಲಿ ಕನ್ನಡ ಮೇಷ್ಟ್ರಾಗಿದ್ದು ಕಥೆ, ಕಾದಂಬರಿ ಬರೆದರು. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವರಲ್ಲಿ ಯಾರೂ ಸ್ಫೂರ್ತಿಗಾಗಿ ಬೆಟ್ಟ ಹತ್ತಿದ ದಾಖಲೆಯಿಲ್ಲ.

ಬದಲಾದದ್ದು ಸಲಕರಣೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಮನೆಮನೆಗೆ ತಂದದ್ದು 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ ಮತ್ತು ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’. ತಾಲ್ಲೂಕು ಕಚೇರಿ, ಬಿಇಒ ಕಚೇರಿ, ಡಿಟಿಪಿ ಅಂಗಡಿ ಎಲ್ಲೆಡೆ ನುಡಿಯೇ ನಿಂತಿತು, ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ನೌಕರರ ಬೆರಳಿಗೆ ಅಂಟಿತು. ಅತ್ತ ಬ್ಲಾಗರ್ 1999ರಲ್ಲೇ ಹುಟ್ಟಿತ್ತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು, ಅದೇ ವರ್ಷ ವರ್ಡ್‌ಪ್ರೆಸ್ ಬಂತು. ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ ಶುರುವಾದದ್ದು ಮಾತ್ರ 2007ರ ಆಸುಪಾಸಿನಲ್ಲಿ. ಅವಧಿ, ಕೆಂಡಸಂಪಿಗೆಯಂಥ ತಾಣಗಳು ಆಗಲೇ ಬಂದವು.

ತಾಲ್ಲೂಕಿನ ಬರಹಗಾರ ಎಡವಿದ್ದು ನುಡಿಗೂ ಬ್ಲಾಗಿಗೂ ನಡುವಿನ ಹೊಸ್ತಿಲಲ್ಲಿ. ನುಡಿಯ ಹಳೆಯ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದಂಥವು. ಆ ಫಾಂಟು ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ. ನುಡಿಯಲ್ಲಿ ಟೈಪು ಮಾಡಿದ ಕವಿತೆಯನ್ನು ಕಾಪಿ ಮಾಡಿ ಬ್ಲಾಗಿಗೆ ಅಂಟಿಸಿದರೆ ಕಾಣುತ್ತಿದ್ದುದು ತಲೆಯ ಮೇಲೆ ಚುಕ್ಕಿ, ಗೆರೆ, ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ ಬಳಸಿದರೂ ಅರ್ಕಾವತ್ತು, ಒತ್ತಕ್ಷರಗಳು ಸ್ಥಳ ಬಿಟ್ಟು ಓಡಾಡುತ್ತಿದ್ದವು. ‘ಸೂರ್ಯ’, ‘ಕಾರ್ಯ’ಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಿತ್ತು. ಹಾಗೆ ತಿದ್ದುತ್ತ ಕುಳಿತವರಿಗೆ ತಮ್ಮ ಬರಹವನ್ನು ಮತ್ತೊಮ್ಮೆ ಓದುವ ಪ್ರಸಂಗ ಒದಗುತ್ತಿತ್ತು, ಇದೊಂದು ಲಾಭವೇ. ಈಗ ಆ ತಾಪತ್ರಯವಿಲ್ಲ. ಎರಡನೆಯ ಓದೂ ಇಲ್ಲ.

ಮೇಷ್ಟರ ಬ್ಲಾಗುಗಳಿಗೆ ಒಂದು ಗುರುತಿತ್ತು. ಒಂದು ಪುಟದಲ್ಲಿ ಅವ್ವನ ಮೇಲಿನ ಕವಿತೆ, ಮುಂದಿನದರಲ್ಲಿ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ, ಅದರಾಚೆ ಬಾಗಳಿಯ ಕಲ್ಲೇಶ್ವರ ಗುಡಿಯ ಫೋಟೊ, ಅದರ ಕೆಳಗೆ ಇಲಾಖೆಯ ಸುತ್ತೋಲೆ. ಸಾಹಿತ್ಯ ವಿಮರ್ಶಕರಿಗೆ ಇದು ಕಲಸುಮೇಲೋಗರ. ಆದರೆ ಪ್ರಶ್ನೆಪತ್ರಿಕೆ ಹುಡುಕಿಕೊಂಡು ಬಂದ ಹುಡುಗ ದಾರಿಯಲ್ಲಿ ಕವಿತೆಯನ್ನೂ ಓದಿ ಹೋಗುತ್ತಿದ್ದ. ಅಂಥ ಓದುಗನನ್ನು ಯಾವ ಕವನ ಸಂಕಲನವೂ ತಂದುಕೊಟ್ಟಿಲ್ಲ.

2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿತು, 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಬರಹ ಕಂಪ್ಯೂಟರಿನಿಂದ ಇಳಿದು ಜೇಬಿಗೆ ಬಂತು. ಫೇಸ್‌ಬುಕ್ಕಿನಲ್ಲಿ ಈ ಸೀಮೆಯವರನ್ನು ಹುಡುಕುವುದೇ ಒಂದು ಸಾಹಸ. ಕೊಟ್ಟೂರೇಶ್ವರನ ಒಕ್ಕಲಾದ ಊರುಗಳಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮರಿಗೆ ಲೆಕ್ಕವಿಲ್ಲ. ಹೆಸರಿನ ಹಿಂದೆ ಊರು, ಮುಂದೆ ಇನಿಷಿಯಲ್ಲು ಅಂಟಿಸಿಕೊಳ್ಳದಿದ್ದರೆ ಯಾರ ಲೈಕು ಯಾರಿಗೆ ಹೋಯಿತೋ ತಿಳಿಯದು. ಹರಪನಹಳ್ಳಿಯವರದು ಇನ್ನೊಂದು ಪಾಡು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಪ್ರೊಫೈಲಿನಲ್ಲಿ ಜಿಲ್ಲೆಯ ಹೆಸರು ತಿದ್ದಲು ಬೇಸತ್ತವರು ಊರಿನ ಹೆಸರಿಗೇ ನಿಲ್ಲಿಸಿದರೆ ತಪ್ಪೆನ್ನಲಾಗದು.

ನೌಕರರಿಗೆ ವಾಟ್ಸ್‌ಆ್ಯಪ್ ಮೊದಲು ಕಂಡದ್ದು ಹಾಜರಿ ಪುಸ್ತಕವಾಗಿ. ಬಿಸಿಯೂಟ ಬಡಿಸಿದ ಫೋಟೊ, ಶೌಚಾಲಯದ ಫೋಟೊ, ಸಭೆಯ ಫೋಟೊ ಗುಂಪಿಗೆ ಬೀಳಬೇಕು. ಅಂಗನವಾಡಿ ಕಾರ್ಯಕರ್ತೆಗೆ 2021ರಿಂದ ಪೋಷಣ್ ಟ್ರ್ಯಾಕರ್ ಬೇರೆ. ಮಗುವಿನ ತೂಕ ಫೋನಿಗೆ ಏರಬೇಕು. ಹೀಗೆ ಕೈಗೆ ಬಂದ ಫೋನೇ ಸಂಜೆ ಹೊತ್ತಿಗೆ ಬರೆಯುವ ಹಲಗೆಯೂ ಆಯಿತು. ತೂಕದ ಯಂತ್ರದಲ್ಲಿ ಕೂತು ಅತ್ತ ಮಗುವಿನ ಬಗ್ಗೆ ನಾಲ್ಕು ಸಾಲು ಬರೆಯುವುದು ಆ ಕಾರ್ಯಕರ್ತೆಗೇ ಸಾಧ್ಯ.

ನೌಕರಿ ಮತ್ತು ಫೇಸ್‌ಬುಕ್ಕು ಎದುರಾಬದುರಾದರೆ ಏನಾಗುತ್ತದೆಂಬುದನ್ನೂ ಈ ಸೀಮೆ ಕಂಡಿದೆ. 2016ರ ಜೂನ್‌ನಲ್ಲಿ ಕೂಡ್ಲಿಗಿ ಡಿವೈಎಸ್‌ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟಾಗ, ಅವರ ಹೆಸರಿನ ಖಾತೆಯಲ್ಲಿ ಬಂದ ಬರಹಗಳು ದಿನಗಟ್ಟಲೆ ರಾಜ್ಯದ ಸುದ್ದಿಯಾದವು. ಮುಂದಿನ ತಿಂಗಳು ರಾಜೀನಾಮೆ ಅಂಗೀಕಾರವಾಯಿತು. ಸಾಮಾನ್ಯ ನೌಕರ ನಡತೆ ನಿಯಮಗಳಿಗೆ ಹೆದರಿ ಇಲಾಖೆಯ ಸುದ್ದಿಗೆ ಹೋಗುವುದಿಲ್ಲ, ಮನೆಯ ಸುದ್ದಿಯನ್ನೇ ಬರೆಯುತ್ತಾನೆ. ಅವ್ವ, ಅಪ್ಪ, ಹಳೆಯ ಸಾಲಿ, ಸತ್ತುಹೋದ ಎತ್ತುಗಳ ಮೇಲೆ ಇಷ್ಟೊಂದು ಕವಿತೆಗಳಿರುವುದಕ್ಕೆ ಪ್ರೀತಿಯ ಜತೆಗೆ ಈ ಎಚ್ಚರವೂ ಕಾರಣ.

ಬರೆಯಲಾರದವರ ಸಲಕರಣೆ ಧ್ವನಿ ಸಂದೇಶ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಳ್ಳಿ, ತಾಂಡಾಗಳಿಂದ ಜನ ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯ ಕಡೆ ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ; ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ‘ಯವ್ವಾ, ಮಳಿ ಆತೇನು? ಹುಡುಗ್ರು ಸಾಲಿಗೆ ಹೊಕ್ಕಾವೇನು?’ ಎಂಬಷ್ಟರಲ್ಲಿ ಒಂದು ಸಂಸಾರದ ಪತ್ರ ಮುಗಿಯುತ್ತದೆ. ಸ್ವಂತ ಲಿಪಿಯಿಲ್ಲದ ಲಂಬಾಣಿ ಮಾತಿಗಂತೂ ಇದಕ್ಕಿಂತ ಹಿತವಾದ ಅಂಚೆ ಬೇರೆ ಸಿಕ್ಕಿರಲಿಲ್ಲ. 2017ರಲ್ಲಿ ಗೂಗಲ್ ಕನ್ನಡದಲ್ಲೂ ಮಾತನ್ನು ಅಕ್ಷರವಾಗಿಸತೊಡಗಿತು. ಆದರೆ ಅದರ ಕಿವಿಗೆ ಪುಸ್ತಕದ ಕನ್ನಡವೇ ರುಚಿ. ‘ಹೊಕ್ಕಾವೇನು’ ಎಂದರೆ ತನಗೆ ತೋಚಿದ್ದನ್ನು ಬರೆದು ಕೈತೊಳೆದುಕೊಳ್ಳುತ್ತದೆ. ಹಾಗಾಗಿ ಫೋನಿಗೆ ಬರಹ ಹೇಳಿ ಬರೆಸುವ ಮೇಷ್ಟ್ರು ಮನೆಯಲ್ಲಿ ಒಬ್ಬರೇ ಕೂತು ಆಕಾಶವಾಣಿಯವರಂತೆ ಮಾತಾಡುವುದುಂಟು.

ಚುಟುಕಾಗಿ ಹೇಳಿ ಲಕ್ಷ ಜನಕ್ಕೆ ಮುಟ್ಟಿಸುವ ಕಲೆಯನ್ನು ಟ್ವಿಟರ್ ಈ ಕಡೆಯವರಿಗೆ ಕಲಿಸಬೇಕಾಗಿರಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಜನಸಾಗರ ಮೌನವಾಗುತ್ತದೆ. ಆಮೇಲೆ ಬರುವುದು ಒಂದೇ ಸಾಲಿನ ಕಾರ್ಣಿಕ, ಅಂದರೆ ಭವಿಷ್ಯವಾಣಿ. ಅರ್ಥ ಕಟ್ಟುವ ಕೆಲಸ ಕೇಳುಗರದು: ರೈತ ಮಳೆ ಎನ್ನುತ್ತಾನೆ, ರಾಜಕಾರಣಿ ಕುರ್ಚಿ ಎನ್ನುತ್ತಾನೆ. ಮೊದಲು ಇದು ಚಕ್ಕಡಿಯಲ್ಲಿ ಊರಿಗೆ ಬರುತ್ತಿತ್ತು, ಈಗ ಗೊರವಯ್ಯ ನೆಲ ಮುಟ್ಟುವಷ್ಟರಲ್ಲಿ ಫೋನಿಗೆ ಬಂದಿರುತ್ತದೆ, ಎರಡು ಮೂರು ಪಾಠಾಂತರಗಳ ಸಮೇತ.

ಒಳ್ಳೆಯ ಬಳಕೆಗೆ ಉದಾಹರಣೆ ಬೇಕಾದರೆ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರಕ್ಕೆ ಹೋಗಬೇಕು. ಕೆರೆಯೊಳಗಿನ ಕರಿಜಾಲಿ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳ ಚಿತ್ರಗಳು ಹವ್ಯಾಸಿಗಳ ಪುಟಗಳಲ್ಲಿ ಸುತ್ತಾಡುತ್ತಲೇ ಇವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಚಿತ್ರಗಳ ಕೆಳಗೆ ದಿನಾಂಕ, ಹಕ್ಕಿಯ ಹೆಸರು ಬರೆದಿಟ್ಟವರ ಪುಟ ಮುಂದೆ ದಾಖಲೆಯಾದೀತು. ‘ಶುಭೋದಯ’ ಎಂದಷ್ಟೇ ಬರೆದವರದು ಅಂದೇ ಮುಗಿಯಿತು.

ಉಳಿಯುವಿಕೆಯ ಮಾತಿಗೆ ಬಂದರೆ ಬ್ಲಾಗೇ ವಾಸಿ. ಹತ್ತು ವರ್ಷದ ಹಿಂದಿನ ಬರಹ ತಿಂಗಳು, ಇಸವಿ ಸಮೇತ ಅಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ವಾಟ್ಸ್‌ಆ್ಯಪಿನ ಬರಹ ಫೋನು ಬದಲಾದಾಗ ಹೋಗಿಬಿಡಬಹುದು. ಇಲ್ಲವೇ ಬರೆದವರ ಹೆಸರು ಕಳಚಿಕೊಂಡು, ನಾಲ್ಕಾರು ಗುಂಪು ಸುತ್ತಿ, ಬೇರೆ ಯಾರದೋ ಹೆಸರಿನಲ್ಲಿ ಬರೆದವರಿಗೇ ವಾಪಸು ಬರುತ್ತದೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಇಡೀ ಬರಹವನ್ನು ಇಳಿಸಿಕೊಳ್ಳುವ ಸೌಲಭ್ಯವಿದೆ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿರುವುದರಿಂದ, ಖಾತೆಯಲ್ಲಿಟ್ಟ ಫೋಟೊ, ಕಡತಗಳನ್ನು ಮರೆತು ಕೂರುವ ಹಾಗಿಲ್ಲ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಅದರಲ್ಲಿರುವುದು ಯಾರಿಗೆ ಸಿಗಬೇಕೆಂದು ಮೊದಲೇ ಬರೆದಿಡಲೂ ಅಲ್ಲಿ ಅವಕಾಶವಿದೆ. ಹತ್ತು ಜನರವರೆಗೆ ಹೆಸರಿಸಬಹುದು. ಪಾಸ್‌ವರ್ಡನ್ನು ಹಳೆಯ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟು, ಡೈರಿ ಎಲ್ಲಿಟ್ಟೆನೆಂಬುದನ್ನು ಮರೆಯುವ ಮೇಷ್ಟ್ರುಗಳು ಹೆಂಡತಿಯದೋ ಮಗಳದೋ ಹೆಸರನ್ನು ಅಲ್ಲಿ ಸೇರಿಸಿಡುವುದು ಲೇಸು.