ಅವ್ವನ ಬೆನ್ನು, ತಮ್ಮ ತರಿಸಿದ ಡಬ್ಬಿ (ಭಾಗ 14)

ಮೂರು ನೈಟ್ ಡ್ಯೂಟಿ ಮುಗಿಸಿ ಈಗ ಬರೀತಿದ್ದೀನಿ. ಇಲ್ಲಿ ಇಂಗ್ಲೆಂಡಿನಲ್ಲಿ ಆಗಲೇ ಚಳಿ.

ಹೋದ ವಾರ ರಾಣೆಬೆನ್ನೂರಿಗೆ ವಿಡಿಯೋ ಕಾಲ್ ಮಾಡಿದಾಗ ಅವ್ವನ ದಿಂಬಿನ ಪಕ್ಕ ಒಂದು ಡಬ್ಬಿ ಕಂಡಿತು. "ನಿನ್ನ ತಮ್ಮ ತರಿಸ್ಯಾನ. ಕೊಲಾಜೆನ್ ಅಂತ. ಸವದಿದ್ದ ಡಿಸ್ಕ್ ಮತ್ತ ತುಂಬ್ಕೋತದಂತ" ಅಂದಳು. ಒಂದು ತಿಂಗಳಿಂದ ಹಾಲಿಗೆ ಹಾಕಿ ಕುಡೀತಿದ್ದಾಳೆ. ಪುಡಿ ಶುರುವಾದ ಮೇಲೆ ಬೆಳಗಿನ ನಡಿಗೆ, ಫಿಸಿಯೋ ಹೇಳಿದ ವ್ಯಾಯಾಮ ಎರಡೂ ಬಂದ್. ಡಬ್ಬಿ ತಿರುಗಿಸಿ ತೋರಿಸು ಅಂದೆ. ಹಿಂದೆ ಸಣ್ಣ ಅಕ್ಷರದಲ್ಲಿತ್ತು, ಮೀನಿನಿಂದ ತೆಗೆದದ್ದು ಅಂತ.

ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಜೀವನದಲ್ಲಿ ಮೊಟ್ಟೆ ಮುಟ್ಟಿಲ್ಲ. ಅವತ್ತು ಹೇಳೋಕೆ ಬಾಯಿ ಬರಲಿಲ್ಲ.

ನಿಮ್ಮ ಮನೆಗೂ ಇಂಥ ಡಬ್ಬಿ ಬಂದಿರಬಹುದು, ಅದಕ್ಕೇ ಬರೀತಿದ್ದೀನಿ. ಬೆನ್ನುಮೂಳೆಗಳ ನಡುವೆ 23 ಡಿಸ್ಕ್ ಇವೆ. ಪ್ರತಿ ಡಿಸ್ಕಿನ ಹೊರಗೆ 15ರಿಂದ 25 ಸುತ್ತು ಕೊಲಾಜೆನ್ ನಾರು. ಒಂದು ಸುತ್ತು ಬಲಕ್ಕೆ ವಾಲಿದರೆ ಮುಂದಿನದು ಎಡಕ್ಕೆ, ಹೊರಸು ಹೆಣೆದಂಗೆ. ಒಳಗೆ ನೀರು ಹಿಡಿದಿಡುವ ಮೆತ್ತನೆ ಜೆಲ್ಲಿ. ವಯಸ್ಸಾದಂಗೆ ಜೆಲ್ಲಿ ಒಣಗುತ್ತೆ, ನಾರು ಬಿರುಕು ಬಿಡುತ್ತೆ. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಇರಲ್ಲ. ಅಕ್ಕಪಕ್ಕದ ಮೂಳೆಯಿಂದ ಆಹಾರ ನಿಧಾನಕ್ಕೆ ಇಳಿದು ಬರಬೇಕು.

ಕುಡಿದ ಪುಡಿ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆಯೇ ಚೂರಾಗುತ್ತೆ. ಆ ಚೂರುಗಳಿಗೆ "ಅವ್ವನ ಡಿಸ್ಕಿಗೆ ಹೋಗಿ" ಅಂತ ವಿಳಾಸ ಬರೆದಿರಲ್ಲ. ಸವೆದ ಡಿಸ್ಕ್ ಇದರಿಂದ ತುಂಬುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕೊಲಾಜೆನ್ ಗಿಡದಲ್ಲಿ ಇರೋದೇ ಇಲ್ಲ. ಪುಡಿ ಬರೋದು ದನ, ಹಂದಿ, ಮೀನು ಇಂಥವುಗಳಿಂದ. ದೇಹ ತಾನೇ ಕೊಲಾಜೆನ್ ಮಾಡಿಕೊಳ್ಳುತ್ತೆ. ಅದಕ್ಕೆ ಪ್ರೋಟೀನ್ ಬೇಕು, ವಿಟಮಿನ್ ಸಿ ಬೇಕು. ಬೇಳೆ, ಮಡಿಕೆ ಕಾಳು, ಮೊಸರು, ನೆಲ್ಲಿಕಾಯಿ, ಪೇರಲ ಹಣ್ಣು ಸಾಕು. ಬೀಡಿ ಸಿಗರೇಟು ಡಿಸ್ಕಿಗೂ ಕೆಟ್ಟದ್ದು.

ನನ್ನ ವಾರ್ಡಿನಲ್ಲಿ ಬೆನ್ನಿನ ಆಪರೇಷನ್ ಆದವರನ್ನೂ ಬೇಗ ಎಬ್ಬಿಸಿ ನಡೆಸ್ತೀವಿ. ಅವ್ವನ ವಯಸ್ಸಿನ ಹೆಂಗಸರು ನನ್ನ ಕೈ ಹಿಡಿದು ಹೆಜ್ಜೆ ಇಡ್ತಾರೆ. ನನ್ನ ಅವ್ವ ಅಲ್ಲಿ ಪುಡಿ ನಂಬಿ ಮಲಗಿದ್ದಳು. ಅದೇ ಚುಚ್ಚಿತು.

ಮೂರನೇ ದಿನ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಆ ಹುಡುಗಗ ಬಯ್ಯಬ್ಯಾಡ, ಅವಂಗೂ ಗೊತ್ತಿಲ್ಲ" ಅಂದಳು. ತಮ್ಮ ಸಂಜೆ ಫೋನ್ ಮಾಡಿ ಅತ್ತ. ನಾನು ಬಯ್ಯಲಿಲ್ಲ. ದೂರದಲ್ಲಿದ್ದು ದುಡ್ಡು ಕಳಿಸೋಳು ನಾನು, ದಿನಾ ಅವಳ ನರಳಾಟ ಕೇಳೋನು ಅವನು.

ಈಗ ಅವನೇ ದಿನಾ ಬೆಳಿಗ್ಗೆ ಅವ್ವನನ್ನು ನಡೆಸಿಕೊಂಡು ಹೋಗ್ತಾನೆ. ಮೊದಲ ದಿನ ಹತ್ತು ನಿಮಿಷ, ನಿನ್ನೆ ಇಪ್ಪತ್ತು.

ಒಂದು ಮಾತು ಮರೀಬೇಡಿ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆ ಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ಹೋದರೆ ಮನೆಮದ್ದು ಅಂತ ಕೂರಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.

ಡಬ್ಬಿ ಬಂದಿದ್ದರೆ ಹಿಂದಿನ ಅಕ್ಷರದ ಫೋಟೋ ತೆಗೆದು ನನಗೆ ಕಳಿಸಿ. ಓದಿ ಹೇಳ್ತೀನಿ.