ಭಾಗ 4: ಕಾಯಿಸದ ಬಿಸಿನೀರು

ಫೋಟೋದಲ್ಲಿ ಕಾಣುವ ಕಾಲು ನನ್ನ ಅಜ್ಜಿಯದ್ದು. ನೀರು ಬೆಂದ್ರ್ ತೀರ್ಥದ್ದು.

ಬಿಸಿನೀರ ಬುಗ್ಗೆ ನೋಡ್ಲಿಕ್ಕೆ ನೀವು ಮನಾಲಿಗೇ ಹೋಗ್ಬೇಕಂತ ಇಲ್ಲ ಮಾರಾಯ್ರೆ. ನಮ್ಮ ಮೂಡುಬಿದಿರೆಯಿಂದ ಹೊರಟು ಪುತ್ತೂರು ದಾಟಿದ್ರೆ ಇರ್ದೆಯಲ್ಲೇ ಉಂಟು. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು, ಗೊತ್ತುಂಟಲ್ಲ? ಜ್ವಾಲಾಮುಖಿ ಎಂತದ್ದೂ ಇಲ್ಲ. ಮಳೆನೀರು ಬಂಡೆಯ ಬಿರುಕಿನಲ್ಲಿ ತುಂಬಾ ಆಳಕ್ಕೆ ಇಳಿದು, ಭೂಮಿಯ ಶಾಖಕ್ಕೆ ಬಿಸಿಯಾಗಿ ಮೇಲೆ ಬರ್ತದೆ. ಕುದಿಯುವಷ್ಟಲ್ಲ, ಸ್ನಾನಕ್ಕೆ ಹದ. ಚರ್ಮದ ಕಾಯಿಲೆ ವಾಸಿಯಾಗ್ತದೆ ಅಂತ ನಂಬಿ ಮೀಯಲು ಬರುವವರಿದ್ದಾರೆ.

ಪೆರುವಿನ ಕಾಹಮಾರ್ಕಾದ ಹತ್ತಿರವೂ ಇಂಥ ಬುಗ್ಗೆಗಳಿವೆ. ಅಲ್ಲಿನ ನೀರು ಕೈ ಸುಡುವಷ್ಟು ಬಿಸಿ. ಅದಕ್ಕೇ ಇಂಕಾಗಳು ಕೊಳಕ್ಕೆ ಬಿಸಿನೀರಿನ ಒಂದು ಕಾಲುವೆ, ತಣ್ಣೀರಿನ ಇನ್ನೊಂದು ಕಾಲುವೆ ತಂದು ಹದ ಮಾಡಿಕೊಳ್ಳುತ್ತಿದ್ದರು. 1532ರಲ್ಲಿ ಸ್ಪೇನಿನ ಸೈನಿಕರು ಬಂದಾಗ ರಾಜ ಅತಾಹುವಾಲ್ಪ ಬೀಡುಬಿಟ್ಟದ್ದು ಅಲ್ಲೇ.

ಇದನ್ನೆಲ್ಲ ಅಜ್ಜಿಗೆ ದೊಡ್ಡದಾಗಿ ಹೇಳಿದೆ. ಅವರು ಮೆಟ್ಟಿಲಲ್ಲಿ ಕೂತು, ನೋವಿನ ಕಾಲು ನೀರಿಗಿಳಿಸಿ ಕೇಳಿದ್ದು ಒಂದೇ: "ಇದಕ್ಕೆ ಬೆಂಕಿ ಹಾಕುವವರು ಯಾರೂ ಇಲ್ವಾ?"

ಅರುವತ್ತು ವರ್ಷ ನಸುಕಿಗೇ ಎದ್ದು, ಮಡಲು, ತೆಂಗಿನ ಸಿಪ್ಪೆ ಉರಿಸಿ ಮನೆಯವರಿಗೆಲ್ಲ ಹಂಡೆ ಕಾಯಿಸಿದವರು. ಅವರ ಸ್ನಾನ ಕೊನೆಗೆ, ಉಳಿದ ಉಗುರುಬೆಚ್ಚಗಿನ ನೀರಲ್ಲಿ. ಆ ಹೊಗೆ ನಾನು ಯಾವತ್ತೂ ನೋಡಿದ್ದೇ. ಅವರ ಸರದಿ ಮಾತ್ರ ನೋಡಿರಲಿಲ್ಲ.

ಆ ದಿನ ಹೊರಡುವ ಅಂತ ನಾನು ಹೇಳಲಿಲ್ಲ. ಅವರಾಗಿ ಏಳುವವರೆಗೆ ಕೂತೆ.

ನಿಮ್ಮನೆಯಲ್ಲಿ ಕೊನೆಗೆ ಮೀಯುವವರು ಯಾರು? ಇವತ್ತೇ ಕೇಳಿ.